ಲ್ಯಾಬಕ್ಕ ಮತ್ತು ಚೆಕಿಂಗಿನವರು

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು ಮುಚ್ಚಿದ್ದರಲ್ಲಿ ನನ್ನ ಕೈಯೂ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಲ್ಯಾಬಕ್ಕನ ಬಗ್ಗೆ ನಾನು ಮುಂದೆ ಆಡುವ ಒಳ್ಳೆಯ ಮಾತೆಲ್ಲ ಬೀಳ್ಕೊಡುಗೆ ಸಮಾರಂಭದ ಭಾಷಣದ ಹಾಗೆ ಕೇಳಿಸೀತು. ಆ ಭಾಷಣಗಳನ್ನು ಕಂಡರೆ ನನಗಾಗದು.

ಲ್ಯಾಬು ಇದ್ದದ್ದು ಎರಡನೇ ಮಹಡಿಯ ಕೊನೆಯಲ್ಲಿ. ನಾಲ್ಕು ಸಾಲು, ನಲವತ್ತು ಮೆಷಿನ್ನು, ಬಾಗಿಲ ಪಕ್ಕ ಒಂದು ಮೇಜು, ಆ ಮೇಜಿನ ಹಿಂದೆ ಲ್ಯಾಬಕ್ಕ. ಅವರಿಗೆ ಸ್ವಂತ ಹೆಸರು ಇತ್ತು, ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಕಸ ಗುಡಿಸಲು, ಸಂಜೆ ಮೆಷಿನ್ನುಗಳಿಗೆ ಬಟ್ಟೆ ಹೊದಿಸಲು ಅಂತ ಬಂದವರು. ಓದಿದ್ದು ಹತ್ತನೇ ಕ್ಲಾಸು. ಆ ಬಟ್ಟೆಗಳನ್ನು ಹೊಲಿದುಕೊಟ್ಟವರು ಅವರ ಗಂಡ. ಟೈಲರ್ ಆದ್ದರಿಂದ ಗಿರಾಕಿಗಳು ಬಿಟ್ಟುಹೋದ ತುಂಡುಗಳಲ್ಲೇ ಹೊಲಿದಿದ್ದರು. ಒಂದರ ಬಣ್ಣ ಇನ್ನೊಂದಕ್ಕಿರಲಿಲ್ಲ. ಮೆಷಿನ್ನಿನ ಮೇಲೆ ನಂಬರು ಅಂಟಿಸಿದ್ದರೂ ನಮಗೆಲ್ಲ ಅವು ಬಟ್ಟೆಯಿಂದಲೇ ಪರಿಚಯ. ‘ಹಳದಿ ಗೆರೆಯದ್ದು ಹ್ಯಾಂಗ್ ಆಗಿದೆ’, ‘ಹೂವಿನದ್ದರಲ್ಲಿ ಪ್ರಿಂಟ್ ಹೋಗ್ತಾ ಇಲ್ಲ’ ಅನ್ನುತ್ತಿದ್ದೆವು.

ಗುಡಿಸುತ್ತ ಗುಡಿಸುತ್ತ ಲ್ಯಾಬಕ್ಕ ಕಲಿತರು. ಯಾರೂ ಕಲಿಸಲಿಲ್ಲ. ರಿಪೇರಿಯವನು ಬಂದಾಗ ಟಾರ್ಚ್ ಹಿಡಿದು ನಿಲ್ಲುತ್ತಿದ್ದರು, ಅವನ ಕೈ ಹೋದಲ್ಲೆಲ್ಲ ಇವರ ಕಣ್ಣು ಹೋಗುತ್ತಿತ್ತು. ಮೂರು ವರ್ಷದಲ್ಲಿ ಅವನನ್ನು ಕರೆಯುವುದೇ ನಿಂತುಹೋಯಿತು. ಸತ್ತ ಕೀಬೋರ್ಡಿನ ಕೀಲಿ ಕಿತ್ತು ಬದುಕಿದ್ದಕ್ಕೆ ಕೂರಿಸುವುದರಲ್ಲಿ ಅವರದ್ದು ಎತ್ತಿದ ಕೈ. ಒಂದು ಕೀಬೋರ್ಡಿನಲ್ಲಿ ಮೂರು ಬಣ್ಣದ ಕೀಲಿ ಇರುತ್ತಿದ್ದವು. ಮನೆಯಲ್ಲಿ ಅವರ ಅತ್ತೆ ದಿನಾ ಸಂಜೆ, "ಇವತ್ತೆಷ್ಟು ಸತ್ತವೇ?" ಅಂತ ವಿಚಾರಿಸುತ್ತಿದ್ದರಂತೆ. ಒಂದೂ ಇಲ್ಲ ಅಂದರೆ ಆ ಅಜ್ಜಿಗೆ ಸ್ವಲ್ಪ ನಿರಾಸೆಯಂತೆ.

ಆಗಿನ ಮೌಸಿನ ಹೊಟ್ಟೆಯಲ್ಲಿ ಒಂದು ರಬ್ಬರಿನ ಚೆಂಡು ಇರುತ್ತಿತ್ತು. ಹುಡುಗರು ಅದನ್ನು ಕದ್ದು ಕಾರಿಡಾರಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ಲ್ಯಾಬಕ್ಕ ದೂರು ಕೊಡಲಿಲ್ಲ. ನಲವತ್ತೂ ಚೆಂಡು ತೆಗೆದು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಟ್ಟರು. ಕ್ಲಾಸು ಶುರುವಾದಾಗ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಗೂ ಒಂದೊಂದು ಹಾಕುವುದು, ಹೋಗುವಾಗ ವಾಪಸ್ ಪಡೆಯುವುದು. ಗಡ್ಡ ಬಂದ ಗಂಡಸರು ಕೂಡ ಅಂಗೈ ಚಾಚಿ ಸಾಲಿನಲ್ಲಿ ನಿಲ್ಲುತ್ತಿದ್ದರು. ನಾನೂ ನಿಂತಿದ್ದೇನೆ.

ಈಗ ಚೆಕಿಂಗಿನ ವಿಷಯಕ್ಕೆ ಬರುತ್ತೇನೆ. ನಾನು ಅಲ್ಲಿ ಓದುತ್ತಿದ್ದುದು ಇಪ್ಪತ್ತು ವರ್ಷದ ಹಿಂದೆ. ನನ್ನ ಕ್ಲಾಸಿನಲ್ಲಿ ಮನೆಯಲ್ಲಿ ಕಂಪ್ಯೂಟರ್ ಇಲ್ಲದವಳು ನಾನೊಬ್ಬಳೇ ಅಂತ ನನ್ನ ಗಟ್ಟಿ ನಂಬಿಕೆ. ಯಾರಾದರೂ ಕೇಳಿದರೆ, ‘ನಮ್ಮದು ರಿಪೇರಿಗೆ ಹೋಗಿದೆ’ ಅನ್ನುತ್ತಿದ್ದೆ. ಎರಡು ವರ್ಷ ಅದು ರಿಪೇರಿಯಲ್ಲೇ ಇತ್ತು. ಕ್ಲಾಸಿನ ಹೊತ್ತಿನಲ್ಲಿ ಎಲ್ಲರ ಜೊತೆ ಲ್ಯಾಬಿಗೆ ಹೋಗುವುದು ಸುಲಭ. ಕ್ಲಾಸು ಮುಗಿದ ಮೇಲೆ ಗೆಳತಿಯರೆಲ್ಲ ಮನೆಗೆ ಹೊರಟಾಗ ನಾನೊಬ್ಬಳು ಮಹಡಿ ಹತ್ತುವುದು ಹೇಗೆ? ನೆವ ಬೇಕಲ್ಲ.

ಒಂದು ದಿನ ಎಲ್ಲರೂ ಎದ್ದು ಹೊರಟಿದ್ದಾಗ ಲ್ಯಾಬಕ್ಕ ಮೇಜಿನ ಹಿಂದಿನಿಂದ ಗದರಿಸಿದರು. "ಏಯ್, ಎಣ್ಣೆಜಡೆ! ಎಲ್ಲಿಗೆ ಹೊರಟೆ? ಈ ಹಳದಿ ಗೆರೆಯದ್ದು ಮಧ್ಯಮಧ್ಯ ನಿಂತು ಹೋಗತ್ತೆ. ಒಂದೆರಡು ಗಂಟೆ ಕೂತು ಏನಾದ್ರೂ ಟೈಪ್ ಮಾಡ್ತಾ ಇರು, ಚೆಕ್ ಆಗ್ಲಿ. ನಂಗೆ ಪುರುಸೊತ್ತಿಲ್ಲ."

ಗೆಳತಿಯರು ಕಿಸಕ್ಕನೆ ನಕ್ಕು, ನನ್ನ ಹಣೆಬರಹಕ್ಕೆ ಲೊಚಗುಟ್ಟಿ ಹೋದರು. ನಾನು ಮುಖ ಸಿಂಡರಿಸಿಕೊಂಡು ಕೂತೆ. ಒಳಗೊಳಗೇ ಕುಣಿಯುವಷ್ಟು ಖುಷಿ. ಮರುದಿನ ಹಸಿರು ಬಟ್ಟೆಯದ್ದು ಕೆಟ್ಟಿತು, ಆಮೇಲೆ ಇನ್ನೊಂದು. ನಾನು ಓದು ಮುಗಿಸುವವರೆಗೂ ದಿನಕ್ಕೊಂದು ಮೆಷಿನ್ನು ಕೆಡುತ್ತಿತ್ತು, ದಿನಾ ನಾನು ಚೆಕ್ ಮಾಡುತ್ತಿದ್ದೆ. ನನಗೆ ಕೊಂಬು ಬಂದಿತ್ತು. ನಾನಿಲ್ಲದಿದ್ದರೆ ಲ್ಯಾಬಕ್ಕನ ಕೈಕಾಲು ಆಡುವುದಿಲ್ಲ ಅಂತ ಮನೆಯಲ್ಲೂ ಜಂಬ ಕೊಚ್ಚುತ್ತಿದ್ದೆ. ನಾನೊಬ್ಬಳೇ ಅಲ್ಲ, ಇನ್ನೂ ಏಳೆಂಟು ಜನ ಚೆಕಿಂಗಿನವರು ಇದ್ದರು. ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಎಲ್ಲರದ್ದೂ ಭಾರೀ ಗಂಭೀರ ಮುಖ.

ಆ ಮೆಷಿನ್ನುಗಳಿಗೆ ಯಾವ ಕಾಯಿಲೆಯೂ ಇರಲಿಲ್ಲ ಅಂತ ನನಗೆ ಹೊಳೆದದ್ದು ಬಹಳ ವರ್ಷದ ಮೇಲೆ, ಬಸ್ಸಿನಲ್ಲಿ ಸುಮ್ಮನೆ ಕೂತಿದ್ದಾಗ. ಪಕ್ಕದವರು ನೋಡುತ್ತಾರೆ ಅನ್ನುವ ಪರಿವೆಯೂ ಇಲ್ಲದೆ ಅತ್ತುಬಿಟ್ಟೆ.

ಅಷ್ಟು ಅತ್ತವಳು ಮಾಡಿದ್ದೇನು? ಅದೇ ಕಾಲೇಜಿಗೆ ಸಂಖ್ಯಾಶಾಸ್ತ್ರದ ಮೇಡಂ ಆಗಿ ಬಂದು, ಒಂಬತ್ತು ವರ್ಷದಲ್ಲಿ ಎಣಿಸಿ ನಾಲ್ಕು ಸಲ ಎರಡನೇ ಮಹಡಿ ಹತ್ತಿದೆ. ನನ್ನ ಬಳಿ ಈಗ ಲ್ಯಾಪ್‌ಟಾಪ್ ಇತ್ತಲ್ಲ. ಎದುರು ಸಿಕ್ಕಾಗ ಲ್ಯಾಬಕ್ಕ "ಚೆನ್ನಾಗಿದೀರಾ ಮೇಡಂ?" ಅನ್ನುತ್ತಿದ್ದರು, ನಾನು "ಹ್ಞೂಂ ಅಕ್ಕ, ನೀವು?" ಅಂದು ಗಡಿಯಾರ ನೋಡಿಕೊಳ್ಳುತ್ತಿದ್ದೆ. ಹಳೆಯ ಬಡತನ ನೆನಪಿಸುವವರ ಎದುರು ನಿಲ್ಲುವುದು ಯಾರಿಗೆ ಇಷ್ಟ?

ಕಳೆದ ವರ್ಷ ಪ್ರಿನ್ಸಿಪಾಲರು ಒಂದು ಸಮಿತಿ ಮಾಡಿದರು. ಮಕ್ಕಳೆಲ್ಲ ಸ್ವಂತ ಲ್ಯಾಪ್‌ಟಾಪ್ ತರುವ ಕಾಲ. ಅಷ್ಟು ದೊಡ್ಡ ಕೋಣೆಯಲ್ಲಿ ಹಳೆ ಮೆಷಿನ್ನು ಸಾಕುವುದೇಕೆ, ಮೆತ್ತನೆ ಕುರ್ಚಿ ಹಾಕಿ, ಗೋಡೆ ತುಂಬ ಪ್ಲಗ್ ಕೊಟ್ಟು, ಕೂತು ಓದುವ ಜಾಗ ಮಾಡೋಣ ಅಂತ ಆಡಳಿತ ಮಂಡಳಿಯ ಇಚ್ಛೆ. ಲ್ಯಾಬನ್ನು ದಿನಕ್ಕೆ ಎಷ್ಟು ಜನ ಬಳಸುತ್ತಾರೆ ಅಂತ ಲೆಕ್ಕ ತೆಗೆಯುವ ಕೆಲಸ ಸಂಖ್ಯಾಶಾಸ್ತ್ರದವಳಾದ ನನ್ನ ಕೊರಳಿಗೆ ಬಿತ್ತು. ಪ್ರತಿ ವಿದ್ಯಾರ್ಥಿಗೂ ಲಾಗಿನ್ ಕೊಟ್ಟಿದ್ದರು. ಯಾರು ಯಾವಾಗ ಒಳಗೆ ಹೋದರು ಅನ್ನುವುದೆಲ್ಲ ದಾಖಲಾಗುತ್ತಿತ್ತು. ಒಂದು ಟರ್ಮಿನ ದಾಖಲೆ ತೆಗೆಸಿದೆ.

ದಿನಕ್ಕೆ ಬಳಸುವವರು: ಒಬ್ಬರು. ಎಲ್ಲ ದಿನವೂ ಒಬ್ಬರೇ.

ಸಭೆಯಲ್ಲಿ ಅದನ್ನು ಓದಿದಾಗ ಎಲ್ಲರೂ ನಕ್ಕರು. "ಸರಾಸರಿ ತೆಗೆಯೋ ಕಷ್ಟಾನೂ ಕೊಡಲಿಲ್ಲ ಸರ್ ನಂಗೆ," ಅಂತ ನಾನೂ ಜೋಕ್ ಹೊಡೆದೆ. ಆ ಒಬ್ಬರು ಯಾರು ಅಂತ ನೋಡಿದರೆ ಲ್ಯಾಬಕ್ಕ.

ಅವರನ್ನು ಕರೆಸಿದರು. ಬಾಗಿಲ ಹತ್ತಿರವೇ ನಿಂತು ವಿವರಿಸಿದರು. "ಮಕ್ಕಳು ಪಾಸ್‌ವರ್ಡ್ ಮರೀತಾರೆ ಸರ್. ಮೂರು ಸಲ ತಪ್ಪಾದ್ರೆ ಲಾಕ್ ಆಗತ್ತೆ, ಆಫೀಸಿಗೆ ಅರ್ಜಿ ಕೊಡಬೇಕು, ನಾಲ್ಕು ದಿನ ಹಿಡಿಯತ್ತೆ. ಅದಕ್ಕೆ ನಾನು ಬೆಳಿಗ್ಗೆ ಬಂದ ತಕ್ಷಣ ನಲವತ್ತನ್ನೂ ನನ್ನ ಲಾಗಿನ್ನಲ್ಲೇ ತೆರೆದು ಇಡ್ತೀನಿ. ಬಂದೋರು ಬಂದ ಹಾಗೆ ಕೂರ್ತಾರೆ."

"ಅದು ನಿಯಮಕ್ಕೆ ವಿರುದ್ಧ ಅಲ್ವಾ?" ಅಂದರು ಲೆಕ್ಕಪತ್ರದ ಮೇಷ್ಟ್ರು.

"ಹೌದು ಸರ್," ಅಂದರು ಲ್ಯಾಬಕ್ಕ. ಅಷ್ಟೇ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಇನ್ನೊಂದು ಅವಕಾಶ ಕೊಡೋಣ ಅಂದರು. ಎರಡು ವಾರ ಎಲ್ಲರೂ ತಮ್ಮ ತಮ್ಮ ಲಾಗಿನ್ನಲ್ಲೇ ಹೋಗಲಿ, ಬಾಗಿಲಲ್ಲಿ ಒಂದು ಪುಸ್ತಕ ಇಡೋಣ, ಬಂದವರು ಹೆಸರು ಬರೆಯಲಿ. ಆಗ ನನ್ನ ಜಾಣತನ ಜಾಗೃತವಾಯಿತು. ಬರೀ ಹೆಸರು ಸಾಲದು ಸರ್, ಸುಮ್ಮನೆ ತಂಪಿಗೆ ಬರುವವರನ್ನೂ ಎಣಿಸಿದ ಹಾಗಾಗುತ್ತದೆ ಅಂದೆ. ಪುಸ್ತಕದಲ್ಲಿ ನಾನೇ ಸ್ಕೇಲು ಹಿಡಿದು ಕಾಲಮ್ಮು ಎಳೆದೆ. ಹೆಸರು, ಕ್ಲಾಸು, ಬಂದ ಹೊತ್ತು, ಹೋದ ಹೊತ್ತು. ಕೊನೆಯ ಕಾಲಮ್ಮು: ‘ಮನೆಯಲ್ಲಿ ಸ್ವಂತ ಕಂಪ್ಯೂಟರ್ ಇದೆಯೇ?’ ಇದೆ, ಇಲ್ಲ. ಬಹಳ ಒಳ್ಳೆಯ ಪ್ರಶ್ನೆ ಅಂತ ಎಲ್ಲರೂ ತಲೆದೂಗಿದರು. ಪುಸ್ತಕ ಕೈಗೆ ಕೊಟ್ಟಾಗ ಲ್ಯಾಬಕ್ಕ ಆ ಕಾಲಮ್ಮನ್ನೇ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಏನು ತಿಳಿದುಕೊಂಡೆನೋ, "ಪೆನ್ನು ಕಟ್ಟಿಡಿ ಅಕ್ಕ, ಕದೀತಾರೆ" ಅಂದೆ.

ಎರಡು ವಾರದಲ್ಲಿ ಪುಸ್ತಕದಲ್ಲಿದ್ದದ್ದು ನಾಲ್ಕೇ ಹೆಸರು. ನಾಲ್ವರೂ ‘ಇದೆ’ ಅಂತ ಬರೆದಿದ್ದರು. ಪ್ರಿಂಟ್ ತೆಗೆಯಲು ಬಂದವರು.

ಕೊನೆಯ ಸಭೆಗೆ ಮೂರು ದಿನ ಇದ್ದಾಗ ಮಧ್ಯಾಹ್ನ ಮೆಟ್ಟಿಲಿಳಿದು ಬರುತ್ತಿದ್ದೆ. ಮೆಟ್ಟಿಲ ಕೆಳಗೆ, ಒಡೆದ ಬೆಂಚುಗಳನ್ನು ಪೇರಿಸಿಟ್ಟ ಸಂದಿಯಲ್ಲಿ, ನನ್ನ ಕೊನೇ ವರ್ಷದ ಕ್ಲಾಸಿನ ಒಬ್ಬ ಹುಡುಗಿ ಕೂತಿದ್ದಳು. ಕ್ಲಾಸಿಗೇ ಮೊದಲಿಗಳು, ಪ್ರಶ್ನೆ ಕೇಳಿದರೆ ನನಗೇ ಬೆವರಿಳಿಸುವವಳು. ಮೊಣಕಾಲ ಮೇಲೆ ಪುಸ್ತಕ, ಅದರ ಮೇಲೆ ಫೋನು, ಎರಡೂ ಹೆಬ್ಬೆರಳಿನಲ್ಲಿ ಟಕಟಕ ಒತ್ತುತ್ತಿದ್ದಳು. ಬಗ್ಗಿ ನೋಡಿದೆ. ಪ್ರಾಜೆಕ್ಟ್ ರಿಪೋರ್ಟು. ಅಂಗೈಯಷ್ಟಗಲದ ಪರದೆಯಲ್ಲಿ ಒಂಬತ್ತು ಕಾಲಮ್ಮಿನ ಕೋಷ್ಟಕ ಕೂರಿಸಲು ಒದ್ದಾಡುತ್ತಿದ್ದಳು.

"ಇಲ್ಯಾಕೆ ಒದ್ದಾಡ್ತೀಯಾ? ಲ್ಯಾಬಿಗೆ ಹೋಗಬಾರದಾ?" ಅಂದೆ.

ದಡಕ್ಕನೆ ಎದ್ದು ನಿಂತಳು. "ಲ್ಯಾಪ್‌ಟಾಪ್ ಇದೆ ಮೇಡಂ. ಸರ್ವಿಸಿಗೆ ಕೊಟ್ಟಿದೀನಿ. ನಾಳೆ ನಾಡಿದ್ದು ಬರತ್ತೆ."

ಆ ದನಿ, ಆ ಗಲ್ಲ ಎತ್ತಿ ನಿಲ್ಲುವ ರೀತಿ, ಕೇಳದೆಯೇ ಹೇಳುವ ಆ ಉತ್ತರ, ಎಲ್ಲ ನನ್ನದೇ. ಅವಳನ್ನು ಅಲ್ಲೇ ಬಿಟ್ಟು ಒಂದೇ ಉಸಿರಿಗೆ ಎರಡು ಮಹಡಿ ಹತ್ತಿದೆ. ಲ್ಯಾಬಿನಲ್ಲಿ ನಲವತ್ತು ಮೆಷಿನ್ನೂ ಆನ್ ಆಗಿದ್ದವು. ಜನ ಇಲ್ಲ. ಲ್ಯಾಬಕ್ಕ ಬ್ರಶ್ ಹಿಡಿದು ಒಂದು ಕೀಬೋರ್ಡು ಉಜ್ಜುತ್ತಿದ್ದರು.

"ಅಕ್ಕ, ಚೆಕಿಂಗಿನವರು ಈಗಲೂ ಇದಾರಾ?"

ತಲೆ ಎತ್ತಲಿಲ್ಲ. "ಹದಿನಾಲ್ಕು ಜನ ಇದ್ರು ಮೇಡಂ. ನಿಮ್ಮ ಪುಸ್ತಕ ಬಂದ ದಿನದಿಂದ ಒಬ್ರೂ ಇಲ್ಲ. ಬಾಗಿಲವರೆಗೂ ಬರ್ತಾರೆ, ಕೊನೇ ಕಾಲಮ್ಮು ನೋಡ್ತಾರೆ, ಏನೋ ಮರೆತವರ ಹಾಗೆ ವಾಪಸ್ ಹೋಗ್ತಾರೆ."

"ಅಯ್ಯೋ, ನಂಗೆ ಒಂದು ಮಾತು ಹೇಳಬಾರದಿತ್ತಾ?"

ಆಗ ಬ್ರಶ್ ಕೆಳಗಿಟ್ಟರು. "ನಿಂಗೆ ಹೇಳಬೇಕಿತ್ತಾ?" ಅಂದರು. ಮೇಡಂ ಇಲ್ಲ, ಬಹುವಚನ ಇಲ್ಲ. ಸಿಟ್ಟೂ ಇರಲಿಲ್ಲ, ನಿಜವಾಗಿ ಆಶ್ಚರ್ಯಪಟ್ಟು ಕೇಳಿದ್ದರು. ನನಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಹದಿನಾಲ್ಕು ಜನರ ಹೆಸರು ಕೊಡಿ, ನಾನು ಹೋರಾಡ್ತೀನಿ," ಅಂದೆ.

"ಅವು ನಾನು ಕೊಡೋ ಹೆಸರಲ್ಲ ಮೇಡಂ. ಅವರಾಗೇ ಕೊಡಬೇಕು. ಕೇಳಿ ನೋಡಿ."

ಮರುದಿನ ಆ ಹುಡುಗಿಯನ್ನು ಕರೆದು ಕೇಳಿದೆ. ಲ್ಯಾಬು ಉಳಿಯಬೇಕಾದರೆ, ನಮಗೆ ಅದು ಬೇಕು ಅಂತ ಯಾರಾದರೂ ಸಮಿತಿಯ ಮುಂದೆ ಬಂದು ಹೇಳಬೇಕು ಅಂದೆ. "ಬೇಕಾದವರು ಹೇಳಲಿ ಮೇಡಂ. ನಂಗೇನೂ ಅಂಥ ಕಷ್ಟ ಇಲ್ಲ," ಅಂದಳು. ಕಿವಿಯ ತುದಿ ಕೆಂಪಾಗಿತ್ತು. ಇನ್ನೊಂದು ಮಾತು ಕೇಳಿದರೆ ನನ್ನ ಕ್ಲಾಸಿಗೇ ಬರುವುದು ಬಿಡುತ್ತಾಳೆ ಅಂತ ಗೊತ್ತಾಗಿ, ಹೋಗು ಅಂದೆ.

ಸಭೆಯ ದಿನ ನಾನು ಎದ್ದು ನಿಂತೆ. ನನ್ನ ಲೆಕ್ಕ ತಪ್ಪು ಅಂದೆ. ಆ ಕೊನೆಯ ಕಾಲಮ್ಮು ಎಳೆದು ಬೇಕಾದವರನ್ನೇ ಹೊರಗಟ್ಟಿದವಳು ನಾನು ಅಂದೆ. ಆಮೇಲೆ ಇಪ್ಪತ್ತು ವರ್ಷದಿಂದ ಯಾರಿಗೂ ಹೇಳದ್ದನ್ನು ಹೇಳಿದೆ. "ನಾನು ಈ ಕಾಲೇಜಿನಲ್ಲಿ ಓದುವಾಗ ನಮ್ಮನೇಲಿ ಕಂಪ್ಯೂಟರ್ ಇರಲಿಲ್ಲ. ರಿಪೇರಿಗೆ ಹೋಗಿದೆ ಅಂತ ಸುಳ್ಳು ಹೇಳ್ತಿದ್ದೆ. ನನ್ನ ಒಂದೊಂದು ಅಸೈನ್‌ಮೆಂಟೂ ಆ ಲ್ಯಾಬಿನಲ್ಲಿ, ಲ್ಯಾಬಕ್ಕನ ದಯೆಯಿಂದ ಆಗಿದ್ದು."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಮಾತು ನಾಟಿದೆ, ಲ್ಯಾಬು ಉಳಿಯಿತು ಅಂದುಕೊಂಡೆ.

"ಹೇಳಿದ್ದು ಬಹಳ ದೊಡ್ಡತನ ಮೇಡಂ," ಅಂದರು ಅವರು. "ಆದ್ರೆ ಅದು ಆಗಿನ ಮಾತು. ಈಗ ಯಾರಿದ್ದಾರೆ? ಒಂದೇ ಒಂದು ಹೆಸರು ಕೊಡಿ, ಮಂಡಳಿಯವರ ಮುಂದೆ ನಾನೇ ಜಗಳ ಆಡ್ತೀನಿ. ಹೆಸರಿಲ್ಲದೆ ಹದಿನಾಲ್ಕು ಜನ ಅಂದ್ರೆ ನಂಬ್ತಾರಾ? ನಿಮ್ಮ ಕ್ಲಾಸಲ್ಲೇ ಯಾರಾದ್ರೂ ಇದಾರಾ? ಒಬ್ಬರು?"

ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಆ ಕ್ಷಣವೇ ಬರೆದುಕೊಳ್ಳುತ್ತಿದ್ದರು. ಅವಳನ್ನು ಕರೆಸುತ್ತಿದ್ದರು, ಮೃದುವಾಗಿಯೇ ಮಾತಾಡಿಸುತ್ತಿದ್ದರು. ಎಷ್ಟು ಮೃದುವಾದರೂ, ಸಂಜೆಯೊಳಗೆ ಸ್ಟಾಫ್ ರೂಮಿನಿಂದ ಕ್ಯಾಂಟೀನಿನವರೆಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ನನ್ನ ಗುಟ್ಟನ್ನು ಇಪ್ಪತ್ತು ವರ್ಷ ಒಬ್ಬರು ಹೊಟ್ಟೆಯಲ್ಲಿಟ್ಟುಕೊಂಡಿದ್ದರಿಂದಲ್ಲವೇ ಇವತ್ತು ನಾನು, ನನಗೆ ಬೇಕಾದಾಗ, ನನ್ನ ಬಾಯಿಂದಲೇ ಅದನ್ನು ಹೇಳಲು ಆದದ್ದು?

"ಇಲ್ಲ ಸರ್," ಅಂದೆ. "ಹೆಸರು ಹೇಳೋಕಾಗಲ್ಲ."

ನಡಾವಳಿಯಲ್ಲಿ ‘ಯಾರೂ ಮುಂದೆ ಬಂದಿರುವುದಿಲ್ಲ’ ಅಂತ ಬರೆದರು. ಕೆಳಗೆ ಎಲ್ಲರ ಸಹಿ, ನನ್ನದೂ.

ಲ್ಯಾಬಕ್ಕ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಪಕ್ಕದಲ್ಲಿ ಕೂತು ನಡೆದದ್ದೆಲ್ಲ ಹೇಳಿದೆ. "ನಂದು ಹೇಳಿದೆ ಅಕ್ಕ. ಅವಳದ್ದು ಹೇಳಲಿಲ್ಲ."

"ಒಳ್ಳೇದು ಮಾಡಿದ್ರಿ," ಅಂದರು. ಸ್ವಲ್ಪ ಹೊತ್ತು ಅಂಗೈ ಉಜ್ಜಿಕೊಂಡರು. ಆಮೇಲೆ ನನ್ನತ್ತ ತಿರುಗಿ, "ಒಳ್ಳೇದೇ ಆಯ್ತಲ್ವಾ?" ಅಂತ ಕೇಳಿದರು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ತಮ್ಮ ಅತ್ತೆ ತೀರಿಕೊಂಡಾಗಲೂ ಮರುದಿನವೇ ಕೆಲಸಕ್ಕೆ ಬಂದಿದ್ದ ಹೆಂಗಸು. ನನಗೆ ಅವರ ಬೆನ್ನ ಮೇಲೆ ಕೈ ಇಡಲೂ ಧೈರ್ಯ ಬರಲಿಲ್ಲ.

ಅವರ ಕೆಲಸವೇನೂ ಹೋಗಲಿಲ್ಲ. ಲೈಬ್ರರಿಯ ಬಾಗಿಲಲ್ಲಿ ಬ್ಯಾಗು ತಪಾಸಣೆಗೆ ಹಾಕಿದರು. ಸೋಮವಾರ ಲ್ಯಾಬಿಗೆ ಬೀಗ ಬಿತ್ತು, ಗುರುವಾರ ಗುಜರಿಯವರು ಬಂದು ಮೆಷಿನ್ನುಗಳನ್ನು ಹೊತ್ತೊಯ್ದರು. ಈಗ ಅಲ್ಲಿ ಮೆತ್ತನೆ ಕುರ್ಚಿಗಳಿವೆ. ಚೆನ್ನಾಗಿಯೇ ಇವೆ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ನಾನೂ ಒಂದು ಪ್ರಯತ್ನ ಮಾಡಿದ್ದೆ. ಆ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದು ನನ್ನ ಲ್ಯಾಪ್‌ಟಾಪ್ ಮುಂದಿಟ್ಟು, "ಇದು ಯಾಕೋ ತೊಂದ್ರೆ ಕೊಡ್ತಿದೆಯಮ್ಮ, ನಾಲ್ಕು ದಿನ ಇಟ್ಕೊಂಡು ಸ್ವಲ್ಪ ಚೆಕ್ ಮಾಡಿಕೊಡ್ತೀಯಾ?" ಅಂದೆ. ಲ್ಯಾಬಕ್ಕನಿಗೆ ಒಲಿದಿದ್ದ ಸುಳ್ಳು ನನಗೆ ಒಲಿಯಲಿಲ್ಲ. ಅವರು ಗದರಿಸುತ್ತಿದ್ದರು, ನನ್ನ ದನಿಯಲ್ಲಿ ಕನಿಕರ ಇತ್ತು. ಅವಳು ಅದನ್ನು ಕೇಳಿಸಿಕೊಂಡುಬಿಟ್ಟಳು. "ನಂಗೆ ಅಷ್ಟೆಲ್ಲ ಬರಲ್ಲ ಮೇಡಂ," ಅಂದು ಹೊರಟುಹೋದಳು.

ಹದಿನೈದು ದಿನದ ಮೇಲೆ ಪ್ರಾಜೆಕ್ಟಿನ ವೈವಾ. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಮತ್ತು ನಾನು ಅಕ್ಕಪಕ್ಕ ಕೂತಿದ್ದೆವು. ಅವಳ ರಿಪೋರ್ಟು ನಲವತ್ತೊಂದು ಪುಟ. ವಿಷಯ ನಾನು ಬರೆಯಬಹುದಾದದ್ದಕ್ಕಿಂತ ಚೆನ್ನಾಗಿತ್ತು. ಕೋಷ್ಟಕಗಳು ಮಾತ್ರ ಅರ್ಧಕ್ಕೇ ಮುರಿದು ಮುಂದಿನ ಪುಟಕ್ಕೆ ಜಾರಿದ್ದವು, ಅಂಚುಗಳು ಸೊಟ್ಟಗಿದ್ದವು, ಒಂದು ನಕ್ಷೆ ತಲೆಕೆಳಗಾಗಿತ್ತು. ಪರೀಕ್ಷಕರು ಪುಟ ತಿರುವಿ ತಿರುವಿ ಬೇಜಾರು ಮಾಡಿಕೊಂಡರು. "ಇಷ್ಟು ಜಾಣೆ ಇದೀಯಾ. ಇದನ್ನ ಸ್ವಲ್ಪ ನೀಟಾಗಿ ಮಾಡೋಕೆ ಏನಾಗಿತ್ತಮ್ಮ?" ಅಂದರು, ಹಾಳೆಯ ಅಂಚಿನಲ್ಲಿ ಎಂಟು ಅಂಕ ಕಡಿದರು.

ಅವಳು ಗಲ್ಲ ಎತ್ತಿ ನಿಂತಿದ್ದಳು. "ಸಾರಿ ಸರ್," ಅಂದಳು. "ನನ್ನದೇ ಸೋಮಾರಿತನ."

ನಾನು ಅವಳ ಮುಖ ನೋಡಲಿಲ್ಲ. ಪರೀಕ್ಷಕರು ಅಂಕಪಟ್ಟಿಯನ್ನು ನನ್ನ ಕಡೆ ಸರಿಸಿದರು, ಸಹಿ ಹಾಕಿದೆ.